‘ದೇವರು ನಡೆಸಿದ’ ಎನ್ನುವ ಹಕ್ಕು ಯಾರದು



ಈ ದತ್ತಿ ಉಪನ್ಯಾಸದಲ್ಲಿ ಬೈಬಲ್ಲಿನ ವ್ಯಕ್ತಿಗಳ ಬಾಳಿನಲ್ಲಿ ದೇವರು ಹೇಗೆ ಕೈಹಿಡಿದು ನಡೆಸಿದ ಎಂಬುದರ ಬಗ್ಗೆ ಮಾತಾಡಲು ಕೇಳಿದ್ದೀರಿ. ಚರ್ಚಿನ ಪೀಠದಿಂದ ಇದನ್ನು ಹೇಳುವ ಕ್ರಮ ಒಂದಿದೆ. ಅಲ್ಲಿ ಕೇಳುವವರೂ ಹೇಳುವವರೂ ಒಂದೇ ನಂಬಿಕೆಯವರು. ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಸೀಮೆ ಹಾಗಲ್ಲ. ಮಾದಪ್ಪನ ಬೆಟ್ಟ, ಸಿದ್ದಪ್ಪಾಜಿಯ ಚಿಕ್ಕಲ್ಲೂರು, ಬಿಳಿಗಿರಿರಂಗನ ಬೆಟ್ಟ, ಮಾರ್ಟಳ್ಳಿಯ ಚರ್ಚು, ಎಲ್ಲವೂ ಒಂದು ಹಗಲಿನ ಪಯಣದೊಳಗೆ ಇರುವ ಜಾಗ ಇದು. ಇಲ್ಲಿ ‘ದೇವರು ನಡೆಸಿದ’ ಎಂದು ಒಬ್ಬರು ಹೇಳಿದರೆ, ಯಾವ ದೇವರು ಎಂಬ ಪ್ರಶ್ನೆಗಿಂತ ಮೊದಲು ಇನ್ನೊಂದು ಪ್ರಶ್ನೆ ಏಳಬೇಕು: ಆ ಮಾತನ್ನು ಯಾರು, ಯಾರ ಬಗ್ಗೆ, ಯಾವಾಗ ಹೇಳುತ್ತಿದ್ದಾರೆ? ನನ್ನ ಇಡೀ ಉಪನ್ಯಾಸ ಈ ಪ್ರಶ್ನೆಯ ಸುತ್ತಲೇ ಇದೆ.

ಯೋಸೇಫನಿಂದ ಶುರು ಮಾಡುತ್ತೇನೆ. ಆದಿಕಾಂಡದ 37ನೆಯ ಅಧ್ಯಾಯದಿಂದ 50ರವರೆಗೆ ಹೆಚ್ಚೂಕಡಿಮೆ ಅವನದೇ ಕಥೆ. ಯಾಕೋಬನ ಹನ್ನೆರಡು ಗಂಡುಮಕ್ಕಳಲ್ಲಿ ಹನ್ನೊಂದನೆಯವನು, ಅಪ್ಪನ ಮುದ್ದಿನ ಮಗ. ಅಪ್ಪ ಅವನೊಬ್ಬನಿಗೆ ಮಾತ್ರ ವಿಶೇಷವಾದ ನಿಲುವಂಗಿ ಮಾಡಿಸಿಕೊಟ್ಟ. ರೇಷ್ಮೆ ನೇಯುವ ಕೊಳ್ಳೇಗಾಲದವರಿಗೆ, ಒಂದು ಮನೆಯಲ್ಲಿ ಒಬ್ಬರಿಗಷ್ಟೇ ಒಳ್ಳೆಯ ಬಟ್ಟೆ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹದಿನೇಳರ ಹುಡುಗನನ್ನು ಅಪ್ಪ ಶೆಕೆಮಿನ ಕಡೆ ಕುರಿ ಮೇಯಿಸಲು ಹೋಗಿದ್ದ ಅಣ್ಣಂದಿರ ಯೋಗಕ್ಷೇಮ ನೋಡಿಕೊಂಡು ಬಾ ಎಂದು ಕಳಿಸುತ್ತಾನೆ. ದೋತಾನಿನಲ್ಲಿ ಅಣ್ಣಂದಿರು ಅವನ ಅಂಗಿ ಕಳಚಿ, ನೀರಿಲ್ಲದ ಬಾವಿಗೆ ತಳ್ಳಿ, ಊಟಕ್ಕೆ ಕೂರುತ್ತಾರೆ. ಆಮೇಲೆ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ದಾರಿಹೋಕ ವ್ಯಾಪಾರಿಗಳಿಗೆ ಮಾರಿಬಿಡುತ್ತಾರೆ.

ಈ 37ನೆಯ ಅಧ್ಯಾಯವನ್ನು ಮನೆಗೆ ಹೋದ ಮೇಲೆ ಒಮ್ಮೆ ಓದಿ ನೋಡಿ. ಬಾವಿಯೊಳಗಿನ ಹುಡುಗ ಒಂದು ಮಾತೂ ಆಡುವುದಿಲ್ಲ. ಕಿರುಚಿದನೆ, ಅತ್ತನೆ, ಅಣ್ಣಾ ಎಂದು ಕೂಗಿದನೆ, ಕಥೆಗಾರ ಏನೂ ಹೇಳುವುದಿಲ್ಲ. ಆ ಕೂಗು ನಮಗೆ ಕೇಳಿಸುವುದು ಐದು ಅಧ್ಯಾಯಗಳಾದ ಮೇಲೆ. ಅಷ್ಟರಲ್ಲಿ ಯೋಸೇಫ ಐಗುಪ್ತದ ಅಧಿಕಾರಿಯಾಗಿದ್ದಾನೆ, ಬರಗಾಲದಲ್ಲಿ ಕಾಳಿಗಾಗಿ ಬಂದ ಅಣ್ಣಂದಿರು ಅವನ ಮುಂದೆ ನಿಂತಿದ್ದಾರೆ, ಅವನು ಯಾರೆಂದು ಅವರಿಗೆ ಗೊತ್ತಿಲ್ಲ. ಕಷ್ಟ ಕೊರಳಿಗೆ ಬಂದಾಗ ಅವರು ತಮ್ಮತಮ್ಮೊಳಗೇ ಆಡಿಕೊಳ್ಳುತ್ತಾರೆ: ಅಂದು ತಮ್ಮ ಅಂಗಲಾಚಿದ, ನಾವು ಕಿವಿಗೊಡಲಿಲ್ಲ, ಅದರ ಫಲ ಈಗ ಉಣ್ಣುತ್ತಿದ್ದೇವೆ. ನಡುವೆ ದುಭಾಷಿ ಇದ್ದುದರಿಂದ ಈ ದೊರೆಗೆ ನಮ್ಮ ಮಾತು ತಿಳಿಯದು ಎಂದುಕೊಂಡಿದ್ದರು. ಯೋಸೇಫನಿಗೆ ಎಲ್ಲವೂ ತಿಳಿಯಿತು. ಮುಖ ತಿರುಗಿಸಿಕೊಂಡು ಅತ್ತ.

ಲೆಕ್ಕ ಹಾಕಿದರೆ ಇದು ಇಪ್ಪತ್ತು ವರ್ಷಗಳಿಗೂ ಮೀರಿದ ಮಾತು. ಹದಿನೇಳಕ್ಕೆ ಮಾರಾಟವಾದವನು ಫರೋಹನ ಮುಂದೆ ನಿಂತದ್ದು ಮೂವತ್ತರಲ್ಲಿ. ಆಮೇಲೆ ಏಳು ವರ್ಷ ಸುಗ್ಗಿ, ಅದಾದ ಮೇಲೆ ಬರ. ಫರೋಹನ ಮುಂದೆ ನಿಲ್ಲುವ ಮೊದಲು ಮಾಡದ ತಪ್ಪಿಗೆ ಸೆರೆಮನೆ ಸೇರಿದ್ದ. ಅಲ್ಲಿ ಕನಸಿನ ಅರ್ಥ ಹೇಳಿ ಬದುಕಿಸಿದ ಪಾನಸೇವಕ ಅರಮನೆಗೆ ಮರಳಿದ ಮೇಲೆ ಅವನನ್ನು ಮರೆತುಬಿಟ್ಟ, ಎರಡು ವರ್ಷ. ದೇವರು ಅವನ ಸಂಗಡ ಇದ್ದ ಎಂದು ಕಥೆಗಾರ ನಮಗೆ ಹೇಳುತ್ತಾನೆ. ಆದರೆ ಸೆರೆಮನೆಯಲ್ಲಿರುವ ಯೋಸೇಫ ತನ್ನ ಕಷ್ಟದ ಬಗ್ಗೆ ಆಡುವ ಮಾತು ಬೇರೆ: ನನ್ನನ್ನು ನನ್ನ ನಾಡಿನಿಂದ ಕದ್ದು ತಂದರು, ಈ ಕತ್ತಲಕೋಣೆಗೆ ಹಾಕುವಂಥದ್ದು ನಾನೇನೂ ಮಾಡಿಲ್ಲ. ಅದು ದೂರು. ಆಗ ಅವನು ದೂರು ಹೇಳಿದ್ದೇ ಸರಿ.

ಅವನ ಬಾಯಿಂದ ಇನ್ನೊಂದು ಮಾತು ಬರುವುದು ಅಣ್ಣಂದಿರಿಗೆ ತನ್ನ ಗುರುತು ಹೇಳುವಾಗ. ನನ್ನನ್ನು ಇಲ್ಲಿಗೆ ಕಳಿಸಿದವರು ನೀವಲ್ಲ, ಪ್ರಾಣ ಉಳಿಸುವುದಕ್ಕಾಗಿ ದೇವರೇ ಮುಂದಾಗಿ ಕಳಿಸಿದ ಎನ್ನುತ್ತಾನೆ. ಅದಾಗಿ ಹದಿನೇಳು ವರ್ಷಕ್ಕೆ ಅಪ್ಪ ಸಾಯುತ್ತಾನೆ. ಇನ್ನು ಸೇಡು ತೀರಿಸಿಕೊಳ್ಳುತ್ತಾನೆಂದು ಅಣ್ಣಂದಿರು ನಡುಗಿ ಬಂದಾಗ ಮತ್ತೆ ಅತ್ತು, ಅದೇ ಮಾತನ್ನು ಹೇಳುತ್ತಾನೆ, ಈ ಸಲ ಇನ್ನೂ ನೇರವಾಗಿ: ನೀವು ಎಣಿಸಿದ್ದು ಕೇಡು, ದೇವರು ಅದನ್ನು ಒಳಿತಿಗೆ ತಿರುಗಿಸಿದ. ಕೇಡನ್ನು ಕೇಡೆಂದೇ ಕರೆದು, ಆಮೇಲೆ ದೇವರ ಮಾತು.

ಈ ಮಾತನ್ನು ಅಣ್ಣಂದಿರು ಹೇಳಿದ್ದರೆ ಹೇಗಿರುತ್ತಿತ್ತು, ಊಹಿಸಿಕೊಳ್ಳಿ. ‘ತಮ್ಮಾ, ನಾವು ನಿನ್ನನ್ನು ಬಾವಿಗೆ ತಳ್ಳಿದ್ದಕ್ಕೇ ಅಲ್ಲವೇ ನೀನು ದೊರೆಯಾದದ್ದು, ಎಲ್ಲಾ ದೇವರ ಇಚ್ಛೆ’ ಎಂದಿದ್ದರೆ? ಮಾತಿನಲ್ಲಿರುವ ಸಂಗತಿ ಅದೇ, ಆದರೆ ಅದಕ್ಕಿಂತ ನೀಚವಾದ ಮಾತು ಇನ್ನೊಂದಿರುತ್ತಿರಲಿಲ್ಲ. ಬಾವಿಗೆ ಬಿದ್ದವನು ಹಿಂತಿರುಗಿ ನೋಡಿ ತನ್ನ ಗಾಯದ ಬಗ್ಗೆ ತಾನೇ ಹೇಳಿಕೊಂಡಾಗ ಮಾತ್ರ ಆ ಮಾತಿಗೆ ಬೆಲೆ. ಬೈಬಲ್ ಇದನ್ನು ಸೂತ್ರವಾಗಿ ಎಲ್ಲೂ ಬರೆದಿಟ್ಟಿಲ್ಲ. ಆದರೆ ಕಥೆಯಿಂದ ಕಥೆಗೆ ಹೋದರೆ, ಈ ಒಂದು ನಡೆ ತಪ್ಪುವುದು ಅಪರೂಪ.

ಹಾಗರಳನ್ನು ನೋಡಿ. ಅಬ್ರಹಾಮನ ಮನೆಯ ಐಗುಪ್ತದ ದಾಸಿ. ಒಡತಿ ಸಾರಳೇ ಅವಳನ್ನು ಗಂಡನಿಗೆ ಒಪ್ಪಿಸಿ, ಬಸುರಾದ ಮೇಲೆ ಹಿಂಸೆ ಕೊಟ್ಟಳು. ಕಾಡಿಗೆ ಓಡಿಹೋದವಳನ್ನು ಒಂದು ನೀರಿನ ಬುಗ್ಗೆಯ ಬಳಿ ದೇವದೂತ ಮಾತಾಡಿಸುತ್ತಾನೆ. ಆಗ ಅವಳು ದೇವರಿಗೊಂದು ಹೆಸರಿಡುತ್ತಾಳೆ, ನನ್ನನ್ನು ನೋಡುವ ದೇವರು ಎಂಬ ಅರ್ಥದ ಹೆಸರು. ಬೈಬಲ್ಲಿನಲ್ಲಿ ದೇವರಿಗೆ ಮೊಟ್ಟಮೊದಲು ಹೆಸರಿಟ್ಟವಳು ಈ ದಾಸಿ. ಅಬ್ರಹಾಮನೂ ಅಲ್ಲ, ಸಾರಳೂ ಅಲ್ಲ.

ಕಂಸಾಳೆಯವರು ಹಾಡುವ ಸಂಕಮ್ಮನ ಸಾಲನ್ನು ಕೇಳಿದವರಿಗೆ ಈ ಹೆಂಗಸು ಅಪರಿಚಿತಳಲ್ಲ. ಸೋಲಿಗರ ನೀಲಯ್ಯ ಕಾಡಿಗೆ ಹೊರಡುವಾಗ ಹೆಂಡತಿ ಸಂಕಮ್ಮನ ಶೀಲದ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೇಳುತ್ತಾನೆ. ಕೊಡುವುದಿಲ್ಲ ಎಂದದ್ದಕ್ಕೆ ಅವಳನ್ನು ಕಾಡಿನಲ್ಲಿ ಕಟ್ಟುಹಾಕಿ ಹೋಗುತ್ತಾನೆ. ಅವಳ ಕೂಗಿಗೆ ಮಾದಪ್ಪ ಓಗೊಡುತ್ತಾನೆ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಭಾಗ್ಯವನ್ನೂ ಕೊಡುತ್ತಾನೆ. ಎರಡು ಕಥೆಗಳೂ ಒಂದೇ ಎನ್ನುವ ಹಗುರ ಮಾತು ನನ್ನದಲ್ಲ. ಎರಡು ನಂಬಿಕೆಗಳ ದಾರಿ ಬೇರೆ, ಅವುಗಳ ದೇವರ ಕಲ್ಪನೆ ಬೇರೆ. ಆದರೆ ಎರಡೂ ಕಡೆ ಕಾಡಿನಲ್ಲಿ ಒಂಟಿಯಾದ ಹೆಣ್ಣೇ ಸಾಕ್ಷಿ. ದೇವರು ಬಂದ ಎಂದು ಹೇಳುವ ಬಾಯಿ ಅವಳದು, ಕಟ್ಟಿಹಾಕಿದವನದಲ್ಲ.

ಚಿಕ್ಕಲ್ಲೂರಿನ ಕಥೆ ಇದಕ್ಕಿಂತ ಕಠಿಣ. ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ನಿಡಘಟ್ಟದ ಪಂಚಾಳರ ಮನೆಯ ಮಗ ಕೆಂಪಾಚಾರಿಯನ್ನು ತನ್ನ ಶಿಶುಮಗನಾಗಿ ಕೊಡಿ ಎಂದು ಮಂಟೇಸ್ವಾಮಿ ಕೇಳುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ಮನೆ ಹಾಳಾಗುತ್ತದೆ, ಮಗ ಗುರುವಿನ ಪಾಲಾಗುತ್ತಾನೆ, ಹನ್ನೆರಡು ವರ್ಷ ಗವಿಯ ಕತ್ತಲಲ್ಲಿ ಕಳೆಯುತ್ತಾನೆ. ಆಮೇಲೆ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗಿ ಅಲ್ಲಿನ ಪಂಚಾಳರಿಂದ ಚಿತ್ರಹಿಂಸೆ ಅನುಭವಿಸಿ, ಗೆದ್ದು ಬಂದು ಘನನೀಲಿ ಸಿದ್ದಪ್ಪಾಜಿಯಾಗುತ್ತಾನೆ. ಬೈಬಲ್ಲಿನ ಹನ್ನಳು ಹರಕೆ ಹೊತ್ತು, ಮಗ ಸಮುವೇಲನನ್ನು ತಾನಾಗಿಯೇ ಗುಡಿಗೆ ಒಪ್ಪಿಸಿದಳು. ಇಲ್ಲಿ ಕಿತ್ತುಕೊಂಡದ್ದು. ಈ ಅನ್ಯಾಯವನ್ನು ನೀಲಗಾರರು ಮುಚ್ಚಿ ಹಾಡುವುದಿಲ್ಲ, ತಾಯ್ತಂದೆಯ ಸಂಕಟ ಹಾಡಿನೊಳಗೇ ಇದೆ. ಬೈಬಲ್ಲಿನಲ್ಲಿ ಇದಕ್ಕೆ ಹತ್ತಿರದವನು ಪ್ರವಾದಿ ಯೆರೆಮೀಯ. ನೀನು ನನ್ನನ್ನು ಮರುಳು ಮಾಡಿದೆ, ನಿನ್ನ ಬಲದ ಮುಂದೆ ನಾನು ಸೋತೆ, ಊರಿಗೆಲ್ಲಾ ನಗೆಪಾಟಲಾದೆ ಎಂದು ದೇವರಿಗೇ ಎದುರು ನಿಂತು ಕೇಳಿದವನು. ನಾನು ಹುಟ್ಟಿದ ದಿನವೇ ಹಾಳಾಗಲಿ ಎಂದವನು. ಅವನ ಬಾಯಿ ಮುಚ್ಚಿಸುವ ಕೆಲಸವನ್ನು ಧರ್ಮಗ್ರಂಥ ಮಾಡಲಿಲ್ಲ, ಹಾಗೆಯೇ ಬರೆದಿಟ್ಟಿತು. ದೈವದ ಮೇಲಿನ ನಂಬಿಕೆ ಎಂದರೆ ಸುಮ್ಮನೆ ಸಹಿಸಿಕೊಳ್ಳುವುದು ಎಂದು ನಮಗೆ ಕಲಿಸಿದವರು ಯೆರೆಮೀಯನನ್ನೂ ಸರಿಯಾಗಿ ಓದಿಲ್ಲ, ಚಿಕ್ಕಲ್ಲೂರಿನ ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ಕೇಳಿಯೂ ಇಲ್ಲ.

ಇನ್ನು ನನ್ನನ್ನು ಬಹಳ ಕಾಡುವ ಭಾಗಕ್ಕೆ ಬರುತ್ತೇನೆ.

ಯೋಸೇಫ ಬರದಲ್ಲಿ ಜನರನ್ನು ಉಳಿಸಿದ ಎಂದು ಎಲ್ಲರೂ ಬಲ್ಲರು. ಹೇಗೆ ಉಳಿಸಿದ ಎಂಬುದು 47ನೆಯ ಅಧ್ಯಾಯದಲ್ಲಿದೆ. ಪ್ರವಚನಗಳಲ್ಲಿ ಆ ಭಾಗ ಅಷ್ಟಾಗಿ ಕೇಳಿಬರುವುದಿಲ್ಲ. ಮೊದಲು ಐಗುಪ್ತದ ಜನ ಹಣ ಕೊಟ್ಟು ಕಾಳು ಕೊಂಡರು. ಹಣ ಮುಗಿಯಿತು, ದನಕರು ಕೊಟ್ಟರು. ಮರುವರ್ಷ ಹೊಲ ಬರೆದುಕೊಟ್ಟರು, ತಮ್ಮ ಮೈಯನ್ನೇ ಬರೆದುಕೊಟ್ಟರು. ನಾಡೆಲ್ಲ ಫರೋಹನದಾಯಿತು, ಜನ ಅವನ ಆಳುಗಳಾದರು, ಬೆಳೆಯಲ್ಲಿ ಐದನೆಯ ಒಂದು ಪಾಲು ಅರಮನೆಗೆ ಎಂದು ಕಟ್ಟಳೆಯಾಯಿತು. ಪುರೋಹಿತರ ಭೂಮಿಯನ್ನು ಮಾತ್ರ ಮುಟ್ಟಲಿಲ್ಲ. ಜೀತ ಎಂದರೇನೆಂದು ಹಿಂದಿನ ತಲೆಮಾರಿನವರೆಗೂ ಕಣ್ಣಾರೆ ಕಂಡ ನಮ್ಮ ಸೀಮೆಯಲ್ಲಿ ಈ ಅಧ್ಯಾಯವನ್ನು ದಾಟಿಸಿ ಓದಲಾಗದು. ಯಾಕೋಬನ ಮನೆಗೆ ಉಳಿವಾದದ್ದು ಐಗುಪ್ತದ ರೈತನಿಗೆ ಜೀತವಾಯಿತು. ಪುಟ ತಿರುವಿದರೆ ವಿಮೋಚನಕಾಂಡ: ಯೋಸೇಫನನ್ನು ಅರಿಯದ ಹೊಸ ಅರಸ ಬಂದ, ಯೋಸೇಫನ ಮೊಮ್ಮಕ್ಕಳ ಸಂತತಿಯೇ ಇಟ್ಟಿಗೆ ಹೊರುವ ಬಿಟ್ಟಿಯಾಳುಗಳಾದರು.

ನಮ್ಮದೇ ಬರದ ಕಡೆ ನೋಡಿ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಕ್ಷಾಮ. ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಬಿಟ್ಟುಕೊಟ್ಟ ಜಹಗೀರು, ಮೈಸೂರು ಸೀಮೆಯದು. ಗಡಿ ಎರಡಾದರೂ ಹಸಿವು ಒಂದೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದದ್ದು 1881ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. 1877ರ ಮೊದಲಲ್ಲಿ ಕಲ್ಕತ್ತೆಯ ಸರ್ಕಾರ ಮದ್ರಾಸಿಗೆ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಖರ್ಚು ಹಿಡಿಯುವುದಕ್ಕೆಂದು, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಚೂರು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಇಷ್ಟರಲ್ಲಿ ಮನುಷ್ಯ ಮಣ್ಣು ಹೊತ್ತು ಬದುಕಲಾರ ಎಂದು ಬರಹದಲ್ಲಿ ಬಹಿರಂಗವಾಗಿ ವಾದಿಸಿದ. ಆ ವರ್ಷಗಳಲ್ಲಿ ಸತ್ತವರ ಬಗ್ಗೆ, ಅದು ದೇವರ ಏರ್ಪಾಡು ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಮಳೆ ತಪ್ಪಿದ್ದು ಆಕಾಶದಲ್ಲಿ. ಪಡಿ ಕಡಿಮೆ ಮಾಡಿದ್ದು ಮೇಜಿನ ಮೇಲೆ. ಎರಡನ್ನೂ ದೇವರ ತಲೆಗೆ ಕಟ್ಟುವುದು ದೇವರಿಗೆ ಮಾಡುವ ಅವಮಾನ.

ಇದೇ ಕಾರಣಕ್ಕೆ ಯೋಬನ ಗ್ರಂಥ ನನಗೆ ಬಹಳ ಮುಖ್ಯ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನ ಬಳಿ ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನದಿಂದ ವಿವರಣೆ ಶುರುವಾಯಿತು: ನೀನು ಏನೋ ಮಾಡಿರಬೇಕು, ದೇವರು ಸುಮ್ಮನೆ ದಂಡಿಸುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗುವುದು ಅವರ ಮೇಲೆ, ದೂರಿದ ಯೋಬನ ಮೇಲಲ್ಲ. ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎಂದು ದೇವರೇ ತೀರ್ಪು ಕೊಡುತ್ತಾನೆ.

2018ರ ಡಿಸೆಂಬರ್ 14ನ್ನು ಇಲ್ಲಿ ಯಾರೂ ಮರೆತಿಲ್ಲ. ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಯ ದಿನ, ಕೈಯೊಡ್ಡಿ ಪ್ರಸಾದ ಉಂಡವರಲ್ಲಿ ಹದಿನೇಳು ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದಕ್ಕೆ ಕೀಟನಾಶಕ ಬೆರೆತಿತ್ತು. ಗುಡಿಯ ಆಡಳಿತದ ಜಗಳದಲ್ಲಿ ಬೇಕೆಂದೇ ಬೆರೆಸಿದರೆಂಬುದು ಪೊಲೀಸರು ಹೊರಿಸಿದ ಆರೋಪ. ಉಂಡವರಲ್ಲಿ ಬಹಳ ಮಂದಿ ಕೂಲಿನಾಲಿ ಮಾಡುವವರು. ಭಕ್ತಿಯಿಂದ ಉಂಡ ತುತ್ತೇ ವಿಷವಾದ ಮನೆಗೆ ಹೋಗಿ, ಯೋಸೇಫನ ಕಥೆ ತೆಗೆದು, ಇದರಲ್ಲೂ ಏನೋ ಒಳಿತಿದೆ ಎಂದರೆ ಅದು ಯೋಬನ ಗೆಳೆಯರ ಎಂಟನೆಯ ದಿನದ ಮಾತಾಗುತ್ತದೆ. ಹಾಗೆ ಹೇಳಲು ನನಗಾಗಲಿ, ಯಾವ ಪಾದ್ರಿಗಾಗಲಿ, ಯಾವ ಸ್ವಾಮೀಜಿಗಾಗಲಿ ಅಧಿಕಾರವಿಲ್ಲ. ಆ ಮನೆಯವರೇ ಎಂದಾದರೂ ಒಂದು ದಿನ ಏನಾದರೂ ಹೇಳಿಯಾರು, ಹೇಳದೆಯೂ ಇದ್ದಾರು. ಎರಡೂ ಅವರ ಪಾಲಿನ ಸ್ವಾತಂತ್ರ್ಯ. ಅಂದು ನಾವು ಕಂಡದ್ದು ಮಾತ್ರ ಇಷ್ಟು: ಮಾರಮ್ಮನ ಭಕ್ತರನ್ನು ಸಿಕ್ಕಿದ ಗಾಡಿಗಳಲ್ಲಿ ಹಾಕಿಕೊಂಡು ಬಂದಾಗ, ಕಾಮಗೆರೆಯಲ್ಲಿ ಕ್ರೈಸ್ತ ಕನ್ಯಾಸ್ತ್ರೀಯರ ಹೋಲಿಕ್ರಾಸ್ ಆಸ್ಪತ್ರೆಯ ಬಾಗಿಲು ತೆರೆಯಿತು, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಿ, ಮೈಸೂರಿನ ವಾರ್ಡುಗಳಲ್ಲಿ ಯಾರೂ ಜಾತಿ ಮತ ಕೇಳದೆ ಸಲೈನ್ ಏರಿಸಿದರು.

ಹಾಗಾದರೆ ದೇವರು ನಡೆಸುವುದು ಎಂಬುದೇ ಇಲ್ಲವೇ ಎಂದು ಕೇಳಿದರೆ, ಇದೆ ಎಂದೇ ನಂಬುವವನು ನಾನು. ಅದು ಬೈಬಲ್ಲಿನಲ್ಲಿ ಹೆಚ್ಚಾಗಿ ಮನುಷ್ಯರ ಕೈಗಳ ಮೂಲಕವೇ ಬರುತ್ತದೆ. ವಿಮೋಚನಕಾಂಡದ ಮೊದಲೆರಡು ಅಧ್ಯಾಯಗಳಲ್ಲಿ ಸಮುದ್ರ ಇಬ್ಭಾಗವಾಗುವುದಿಲ್ಲ, ಆಕಾಶದಿಂದ ಧ್ವನಿ ಬರುವುದಿಲ್ಲ. ಗಂಡುಮಗು ಹುಟ್ಟಿದರೆ ಕೊಲ್ಲಿ ಎಂಬ ಅರಸನ ಅಪ್ಪಣೆಯನ್ನು ಶಿಪ್ರಾ ಮತ್ತು ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ಪಾಲಿಸುವುದಿಲ್ಲ. ಕೇಳಿದರೆ, ಈ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವಷ್ಟರಲ್ಲಿ ಹೆತ್ತಿರುತ್ತಾರೆ ಎಂದು ಅರಸನಿಗೇ ಹೇಳಿ ಜಾರಿಕೊಳ್ಳುತ್ತಾರೆ. ಆಮೇಲೆ ಒಬ್ಬ ತಾಯಿ ಆಪಿನ ಬುಟ್ಟಿಗೆ ರಾಳ ಬಳಿಯುತ್ತಾಳೆ, ಒಬ್ಬ ಅಕ್ಕ ದೂರ ನಿಂತು ಕಾಯುತ್ತಾಳೆ, ಕೊಲ್ಲೆಂದ ಅರಸನ ಮಗಳೇ ಮಗುವಿನ ಅಳು ಕೇಳಿ ಕರಗುತ್ತಾಳೆ. ಐದು ಹೆಂಗಸರ ಕೈ ದಾಟಿ ಮೋಶೆ ಬದುಕಿದ. ಗಮನಿಸಿ, ಆ ಫರೋಹನ ಹೆಸರೇನೆಂದು ಗ್ರಂಥ ಹೇಳುವುದಿಲ್ಲ. ಸೂಲಗಿತ್ತಿಯರ ಹೆಸರು ಉಳಿದಿದೆ.

ರೂತಳ ಕಥೆಯಲ್ಲೂ ಹೀಗೆಯೇ. ಬರಕ್ಕೆ ಊರು ಬಿಟ್ಟು ಮೋವಾಬಿಗೆ ಗುಳೆ ಹೋದ ನೊವೊಮಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಹಿಂತಿರುಗುತ್ತಾಳೆ. ತುಂಬಿಕೊಂಡು ಹೋದೆ, ದೇವರು ಬರಿಗೈಯಲ್ಲಿ ತಂದ, ಇನ್ನು ನನ್ನನ್ನು ಕಹಿ ಎಂದೇ ಕರೆಯಿರಿ ಎಂದು ಊರ ಹೆಂಗಸರಿಗೆ ಹೇಳುತ್ತಾಳೆ. ಯಾರೂ ಅವಳಿಗೆ ಬುದ್ಧಿ ಹೇಳಲಿಲ್ಲ. ಜೊತೆಗೆ ಬಂದ ಪರದೇಶಿ ಸೊಸೆ ರೂತಳು ಜವೆಗೋದಿಯ ಹೊಲದಲ್ಲಿ ಹಕ್ಕಲು ಆಯಲು ಹೋಗುತ್ತಾಳೆ. ಆ ಹೊಲ ಬೋವಜನದಾಗಿದ್ದದ್ದು ಆಕಸ್ಮಿಕ ಎಂಬಂತೆ ಕಥೆಗಾರ ಹೇಳಿ ಮುಂದೆ ಹೋಗುತ್ತಾನೆ. ಆದರೆ ಹಕ್ಕಲು ಉಳಿದಿದ್ದದ್ದು ಆಕಸ್ಮಿಕವಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಯಾಜಕಕಾಂಡ ಕಟ್ಟಳೆ ಮಾಡಿತ್ತು. ಬೋವಜ ಅದಕ್ಕೂ ಮಿಗಿಲಾಗಿ, ಸಿವುಡಿನಿಂದ ಬೇಕೆಂದೇ ತೆನೆ ಎಳೆದು ಬೀಳಿಸಿ ಎಂದು ಆಳುಗಳಿಗೆ ಹೇಳಿದ. ಕಬಿನಿ ನೀರು ಹರಿಯುವ ಯಳಂದೂರಿನ ಗದ್ದೆಬಯಲಲ್ಲಿ ಈಗ ಕೊಯ್ಲಿನ ಯಂತ್ರ ಬಂದಿದೆ, ಹಕ್ಕಲು ಆಯುವ ಹೆಂಗಸರು ಕಾಣುವುದಿಲ್ಲ. ಹನೂರಿನ ಮಳೆಯಾಶ್ರಯದ ಹೊಲಗಳವರು ತಿರುಪ್ಪೂರು, ಕೊಯಮತ್ತೂರು, ಕೊಡಗು ಎಂದು ದುಡಿಯಲು ಹೋಗುತ್ತಾರೆ. ಅಲ್ಲಿ ಅವರಿಗಾಗಿ ಅಂಚು ಬಿಟ್ಟ ಹೊಲಗಳು ಎಷ್ಟಿವೆ ಎಂಬುದು ದೇವರ ನಡೆಸುವಿಕೆಗೆ ಸಂಬಂಧಪಟ್ಟ ಪ್ರಶ್ನೆಯೇ.

ಎಸ್ತೇರಳ ಪುಸ್ತಕದ ಬಗ್ಗೆ ಒಂದೇ ಮಾತು. ಆ ಪುಸ್ತಕದ ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಇಲ್ಲ. ಪರ್ಷಿಯಾದ ಅರಮನೆ ಸೇರಿದ ಅನಾಥ ಯೆಹೂದಿ ಹುಡುಗಿಗೆ, ತನ್ನ ಜನರ ಕೊಲೆಯ ಆಜ್ಞೆ ಹೊರಟಾಗ, ಸಾಕಿದ ಮೊರ್ದೆಕೈ ಹೇಳಿಕಳಿಸುತ್ತಾನೆ: ಇಂಥ ಹೊತ್ತಿಗೆಂದೇ ನೀನು ರಾಣಿಯಾದೆಯೋ ಏನೋ, ಯಾರು ಬಲ್ಲರು? ಬಲ್ಲೆನೆಂದು ಅವನು ಹೇಳಲಿಲ್ಲ, ಕೇಳಿದ. ತೀರ್ಮಾನ ಅವಳದಾಗಿತ್ತು. ಯಳಂದೂರಿನ ಹೆಣ್ಣುಮಗಳು ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದಳು. ಅಲ್ಲಿ ಕಲಿತು ‘ಹದಿಬದೆಯ ಧರ್ಮ’ ಬರೆದಳು, ಹೆಣ್ಣೆಂದು ಹೀಗಳೆಯುವವರನ್ನು ಅದರೊಳಗೇ ಪ್ರಶ್ನಿಸಿದಳು. ಊಳಿಗದವಳು ಕವಿಯಾದದ್ದು ಯಾರ ಏರ್ಪಾಡು? ಮೊರ್ದೆಕೈಯ ಹಾಗೆ ಕೇಳಿ ಬಿಡುವುದೇ ಲೇಸು.

ಕೊನೆಗೆ, ನಮ್ಮ ಕಾವೇರಿ ಸೀಮೆಯಲ್ಲೇ ಬಾಳಿದ ಒಬ್ಬ ಪಾದ್ರಿಯ ವಿಚಾರ. ಫ್ರಾನ್ಸಿನ ಅಬ್ಬೆ ದುಬಾ 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದ. ಚದುರಿದ್ದ ಕಥೋಲಿಕರನ್ನು ಮತ್ತೆ ಕೂಡಿಸಲು ಎರಡು ದಶಕಕ್ಕೂ ಮೇಲ್ಪಟ್ಟು ದುಡಿದ, ಇಲ್ಲಿಯವರಂತೆ ಉಟ್ಟ, ಇಲ್ಲಿಯವರಂತೆ ಉಂಡ. ನಮ್ಮ ಜನರ ನಡೆನುಡಿಗಳ ಬಗ್ಗೆ ಅವನು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಅದರಲ್ಲಿ ನಮ್ಮ ಬಗ್ಗೆ ಅವನು ಆಡಿರುವ ಕೆಲವು ಮಾತು ಇಂದು ಓದಿದರೂ ನೋಯಿಸುತ್ತವೆ. 1823ರಲ್ಲಿ ಊರಿಗೆ ಮರಳಿದಾಗ ಅವನ ಮನಸ್ಸು ಒಡೆದಿತ್ತು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಕೆಲಸ, ತನ್ನ ಶ್ರಮವೆಲ್ಲ ಸೋತಿತು ಎಂದು ಅದೇ ವರ್ಷ ಅಚ್ಚಾದ ಪತ್ರಗಳಲ್ಲಿ ಒಪ್ಪಿಕೊಂಡ. ಆದರೆ ಇದೇ ಮನುಷ್ಯ 1803ರ ಸುಮಾರಿನಲ್ಲಿ, ಸಿಡುಬಿನ ಲಸಿಕೆ ಇಂಡಿಯಾಕ್ಕೆ ಬಂದ ಹೊಸದರಲ್ಲೇ, ಜನರ ಮನವೊಲಿಸಿ ಸಾವಿರಾರು ಮಂದಿಗೆ ಚುಚ್ಚಿಸಿದವನು. ಬದುಕಿದ ಆ ಮಕ್ಕಳಲ್ಲಿ ಮಾದಪ್ಪನ ಒಕ್ಕಲು, ಸಿದ್ದಪ್ಪಾಜಿಯ ಒಕ್ಕಲು ಇದ್ದಿರಲೂಬಹುದು.

ದೇವರು ದುಬಾನನ್ನು ಇಲ್ಲಿಗೆ ಕಳಿಸಿದ್ದು ಮತಾಂತರಕ್ಕಲ್ಲ, ಲಸಿಕೆಗೆ ಎಂದು ಹೇಳಿಬಿಡುವ ಆಸೆ ನನಗೂ ಆಗುತ್ತದೆ. ಆದರೆ ಪ್ಯಾರಿಸ್ಸಿನಲ್ಲಿ 1848ರವರೆಗೆ ಬದುಕಿದ್ದ ಅವನು, ನನಗೆ ತಿಳಿದಮಟ್ಟಿಗೆ, ಹಾಗೆಂದು ಬರೆದಿಲ್ಲ. ಅವನೇ ಹೇಳದ ಮಾತನ್ನು ಅವನ ಪರವಾಗಿ ನಾನು ಹೇಳುವುದಿಲ್ಲ. ಲಸಿಕೆ ಚುಚ್ಚಿಸಿಕೊಂಡ ತಾಯಂದಿರು ಏನೆಂದುಕೊಂಡರೋ ಅದನ್ನು ಬರೆದಿಟ್ಟವರೂ ಇಲ್ಲ. ಹನೂರು ಕಾಡಂಚಿನ ಊರುಗಳಲ್ಲಿ, ಮಾರ್ಟಳ್ಳಿಯಲ್ಲಿ, ಬಿಳಿಗಿರಿಯ ಸೋಲಿಗರ ಪೋಡುಗಳಲ್ಲಿ ತಮ್ಮ ಬಾಳನ್ನು ಹಿಂತಿರುಗಿ ನೋಡಿ ಮಾತಾಡಬಲ್ಲ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಈ ದತ್ತಿಯ ಮುಂದಿನ ವರ್ಷದ ಹಣದಲ್ಲಿ ಒಂದು ಪಾಲನ್ನು, ನನ್ನಂಥ ಇನ್ನೊಬ್ಬ ಉಪನ್ಯಾಸಕನನ್ನು ಕರೆಸುವ ಬದಲು, ಅವರ ಮಾತುಗಳನ್ನು ಅವರ ನುಡಿಯಲ್ಲೇ ಧ್ವನಿಮುದ್ರಿಸಿ ಇಡಲು ಬಳಸಬೇಕೆಂದು ದಾನಿಗಳನ್ನು ಕೇಳಿಕೊಳ್ಳುತ್ತೇನೆ.